ಚಾವಡಿಯಿಂದ ಠಾಣೆಯವರೆಗೆ: ಬೈಲಹೊಂಗಲ ಸೀಮೆಯ ಜನ ಮತ್ತು ಪೊಲೀಸ್ ತಿಳಿವಳಿಕೆ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಯಾವುದಾದರೊಂದು ಊರಿನ ಮತದಾರರ ಯಾದಿಯನ್ನು ತಿರುವಿ ನೋಡಿ. ಸನದಿ, ತಳವಾರ, ವಾಲೀಕಾರ, ಪಾಟೀಲ, ಜಮಾದಾರ, ಕಿಲ್ಲೇದಾರ, ಹವಾಲ್ದಾರ, ಫೌಜದಾರ ಇಂಥ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಕೆಲವು ಹಿಂದೂಗಳಲ್ಲಿಯೂ ಇವೆ, ಮುಸಲ್ಮಾನರಲ್ಲಿಯೂ ಇವೆ. ವಿದ್ಯಾರ್ಥಿ ಮಿತ್ರರಿಗೆ ತಮ್ಮ ವರ್ಗದ ಹಾಜರಿ ಪುಸ್ತಕದಲ್ಲಿಯೇ ಎರಡು ಮೂರು ಸಿಕ್ಕರೆ ಆಶ್ಚರ್ಯವಿಲ್ಲ. ಈ ಹೆಸರುಗಳೆಲ್ಲ ಒಂದು ಕಾಲದ ಹುದ್ದೆಗಳು. ಊರು ಕಾಯುವುದು, ರಾತ್ರಿ ಗಸ್ತು ತಿರುಗುವುದು, ಕಳ್ಳನ ಹೆಜ್ಜೆ ಹಿಡಿಯುವುದು, ಕೋಟೆಯ ಬಾಗಿಲಲ್ಲಿ ನಿಲ್ಲುವುದು, ತಪ್ಪಿತಸ್ಥನನ್ನು ಚಾವಡಿಗೆ ತರುವುದು ಮುಂತಾದವು ಅವರ ಕರ್ತವ್ಯಗಳಾಗಿದ್ದವು. ಇಂದು ನಾವು ಪೊಲೀಸ್ ಕೆಲಸವೆಂದು ಕರೆಯುವುದನ್ನು ನಮ್ಮ ಮುತ್ತಜ್ಜಂದಿರು ಮನೆತನದ ಕೆಲಸವಾಗಿ ಮಾಡಿಕೊಂಡು ಬಂದಿದ್ದರು.

ಅಂಥ ಮನೆತನಗಳಲ್ಲಿ ಹುಟ್ಟಿದ ನಾವು ಇಂದು ಠಾಣೆಯ ಮೆಟ್ಟಿಲು ಹತ್ತಲು ಅಂಜುತ್ತೇವೆ. ಮನೆಯಲ್ಲಿ ಕಳುವಾದರೆ ಮೊದಲು ಓಣಿಯ ಹಿರಿಯರ ಹತ್ತಿರ ಹೋಗುತ್ತೇವೆ, ಆಮೇಲೆ ಪರಿಚಯದ ಪುಢಾರಿಯೊಬ್ಬರನ್ನು ಹುಡುಕುತ್ತೇವೆ, ಠಾಣೆಗೆ ಹೋಗುವುದು ಕೊನೆಗೆ. ಪದವಿ ಮುಗಿಸಿದ ತರುಣರಿಗೂ ಎಫ್‌ಐಆರ್ ಎಂದರೇನು, ಅದರ ಪ್ರತಿ ಯಾರಿಗೆ ಸಿಗಬೇಕು ಎಂಬುದು ಗೊತ್ತಿರುವುದಿಲ್ಲ. ಪೊಲೀಸ್ ಕೆಲಸ ಮಾಡಿ ಬಾಳಿದ ಸೀಮೆಯೊಂದು ಆ ಕೆಲಸದ ತಿಳಿವಳಿಕೆಯನ್ನೇ ಹೇಗೆ ಕಳೆದುಕೊಂಡಿತು? ಅದನ್ನು ಮತ್ತೆ ಜನರಿಗೆ ಕಲಿಸಲು ಏನೇನು ನಡೆದಿದೆ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ನಾಲ್ಕು ತಾಲೂಕುಗಳ ಇತಿಹಾಸವನ್ನು ನಿಮ್ಮೊಡನೆ ಒಮ್ಮೆ ನೋಡಬಯಸುತ್ತೇನೆ.

ಶೇತಸನದಿಯ ಕಾಲ

ಸಂಗೊಳ್ಳಿ ರಾಯಣ್ಣನ ಹೆಸರು ಕೇಳದವರಿಲ್ಲ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ಆ ವೀರನ ಹುದ್ದೆ ಏನಾಗಿತ್ತೆಂದು ಕೇಳಿದರೆ ಬಹಳಷ್ಟು ಜನ ‘ಕಿತ್ತೂರಿನ ಸೈನಿಕ’ ಎಂದಷ್ಟೇ ಹೇಳುತ್ತಾರೆ. ಅವನು ಶೇತಸನದಿ. ಶೇತ ಎಂದರೆ ಮರಾಠಿಯಲ್ಲಿ ಹೊಲ. ಸನದು ಅರಬ್ಬಿಯಿಂದ ಬಂದ ಮಾತು, ಅಧಿಕಾರಪತ್ರ ಎಂದರ್ಥ. ಸನದಿನ ಮೂಲಕ ಹೊಲ ಪಡೆದು, ಅದರ ಉತ್ಪನ್ನದಲ್ಲಿ ಜೀವಿಸುತ್ತ, ಯುದ್ಧ ಬಂದಾಗ ಸಿಪಾಯಿಯಾಗಿ, ಉಳಿದ ದಿನ ಊರಿನ ಕಾವಲುಗಾರನಾಗಿ ದುಡಿಯುವವನೇ ಶೇತಸನದಿ. ಪಗಾರವಿಲ್ಲ, ಬಿಲ್ಲೆಯಿಲ್ಲ, ಬೇರೆ ಊರಿಗೆ ವರ್ಗಾವಣೆಯಿಲ್ಲ. ತಾನು ಕಾಯುವ ಊರಿನಲ್ಲಿಯೇ ಅವನ ಹೊಲ, ಅವನ ಮನೆ, ಅವನ ಬೀಗರು.

ಅವನ ಜೊತೆಗೆ ತಳವಾರ, ವಾಲೀಕಾರರಿದ್ದರು. ಪೇಶ್ವೆಗಳಿಂದ ಗೆದ್ದುಕೊಂಡ ಸೀಮೆಯ ಬಗ್ಗೆ 1819ರಲ್ಲಿ ಎಲ್ಫಿನ್‌ಸ್ಟನ್ ಸಾಹೇಬ ಬರೆದ ವರದಿಯಲ್ಲಿ ದಖ್ಖನದ ಹಳ್ಳಿಯ ಕಾವಲು ವ್ಯವಸ್ಥೆಯ ವಿವರವಿದೆ. ಕಾವಲುಗಾರನಿಗೆ ಊರಿನ ಪ್ರತಿಯೊಬ್ಬನ ಸ್ವಭಾವ ಗೊತ್ತಿರಬೇಕು. ಕಳವಾದರೆ ಹೆಜ್ಜೆಯ ಗುರುತು ಹಿಡಿದು ಹೋಗಬೇಕು. ಹೆಜ್ಜೆ ಪಕ್ಕದ ಊರಿನ ಸೀಮೆಗೆ ಹೋಗಿ ಮುಟ್ಟಿತೆಂದು ತೋರಿಸಿಕೊಟ್ಟರೆ ಮುಂದಿನ ಹೊಣೆ ಆ ಊರಿನದು. ಹೀಗೆ ಹೆಜ್ಜೆ ಊರಿಂದೂರಿಗೆ ದಾಟುತ್ತ ಹೋಗುತ್ತಿತ್ತು. ಇದನ್ನೆಲ್ಲ ಊರ ಜನ ಕಣ್ಣಾರೆ ನೋಡುತ್ತಿದ್ದರು. ತನಿಖೆ ಹೇಗೆ ನಡೆಯುತ್ತದೆ ಎಂದು ಅವರಿಗೆ ಯಾರೂ ಶಿಬಿರ ಮಾಡಿ ಹೇಳಬೇಕಾಗಿರಲಿಲ್ಲ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಡಿಸೆಂಬರ್‌ನಲ್ಲಿ ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡದ್ದು ನಿಮಗೆ ಪಾಠದಲ್ಲಿ ಬಂದಿದೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕೋಟೆ ಬಿದ್ದ ಮೇಲಿನ ಕಥೆ. ಕಂಪನಿ ಸರಕಾರ ಸನದಿ ಹೊಲಗಳ ಮೇಲೆ ಕಣ್ಣು ಹಾಕಿತು, ಅವುಗಳಿಗೆ ಕಂದಾಯ ಕಟ್ಟಿತು. ರಾಯಣ್ಣನಂಥವರಿಗೆ ಅದು ಹೊಟ್ಟೆಯ ಮೇಲಿನ ಹೊಡೆತ, ಮಾನದ ಮೇಲಿನ ಹೊಡೆತ ಕೂಡ. ಸೇವೆಗೆ ಬದಲಾಗಿ ಬಂದ ಹೊಲಕ್ಕೆ ಕಂದಾಯ ಕೇಳುವುದೆಂದರೆ ನಿನ್ನ ಸೇವೆ ಇನ್ನು ಬೇಡ ಎಂದ ಹಾಗೆ. ರಾಯಣ್ಣ ಕಟ್ಟಿದ ಪಡೆಯಲ್ಲಿ ಇಂಥ ಶೇತಸನದಿಗಳು ಬಹಳಿದ್ದರು. ಬೀಡಿ, ಸಂಪಗಾಂವದ ಸರಕಾರಿ ಕಚೇರಿಗಳ ಮೇಲೆ ಅವರು ಎರಗಿದರು. 1830ರಲ್ಲಿ ಹಿಡಿದುಕೊಟ್ಟವರೂ ಸ್ಥಳೀಯರೇ ಎಂಬುದು ನಮ್ಮ ಇತಿಹಾಸದ ಕಹಿ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಇದನ್ನು ಸ್ವಾತಂತ್ರ್ಯ ಹೋರಾಟವೆಂದು ಓದುತ್ತೇವೆ, ಅದು ಸರಿಯೇ. ಊರಿನ ಪೊಲೀಸು ಊರಿನ ಕೈಯಿಂದ ಜಾರಿದ ಮೊದಲ ಗಳಿಗೆಯೆಂದೂ ಇದನ್ನು ಓದಲು ಬರುತ್ತದೆ.

ಇಷ್ಟು ಹೇಳಿ ಹಳೆಯದೆಲ್ಲ ಬಂಗಾರವಾಗಿತ್ತು ಎಂದು ನಿಮ್ಮನ್ನು ನಂಬಿಸಲಾರೆ. ಹುದ್ದೆ ವಂಶಪಾರಂಪರ್ಯವಾಗಿತ್ತು. ಗೌಡನ ಮಗ ಗೌಡ, ತಳವಾರನ ಮಗ ತಳವಾರ. ಗೌಡ ನ್ಯಾಯವಂತನಾಗಿದ್ದರೆ ಊರು ಬದುಕಿತು, ದುಷ್ಟನಾಗಿದ್ದರೆ ದೂರು ಕೊಡಲು ಇನ್ನೊಂದು ಬಾಗಿಲಿರಲಿಲ್ಲ. ಕಳವಾದ ಕೂಡಲೇ ಸಂಶಯ ಹೋಗುತ್ತಿದ್ದುದು ಊರ ಹೊರಗಿನ ಗುಡಿಸಲುಗಳ ಕಡೆಗೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯದೆ ಮಾಡಿ ಆ ಸಂಶಯಕ್ಕೆ ಸರಕಾರದ ಮುದ್ರೆಯನ್ನೇ ಒತ್ತಿದರು. ಹುಟ್ಟಿನಿಂದಲೇ ಕಳ್ಳರೆಂದು ಎಣಿಸಲ್ಪಟ್ಟ ಸಮುದಾಯಗಳು ದೇಶ ಸ್ವತಂತ್ರವಾದ ಮೇಲೂ 1952ರವರೆಗೆ ಆ ಹೆಸರನ್ನು ಹೊತ್ತುಕೊಂಡಿದ್ದವು.

ಇಲ್ಲೊಂದು ಮಾತು, ಭಾಷೆಯ ಮೇಲೆ ಪ್ರೀತಿಯಿರುವ ವಿದ್ಯಾರ್ಥಿಗಳಿಗಾಗಿ. ನಮ್ಮ ಕಡೆ ಪಿಎಸ್‌ಐ ಸಾಹೇಬರನ್ನು ಇಂದಿಗೂ ಫೌಜದಾರ ಎನ್ನುತ್ತಾರೆ. ಫೌಜು ಅರಬ್ಬಿ, ದಾರ ಪಾರಸಿ. ಜಾಮೀನು ಅರಬ್ಬಿ, ಹೊಣೆ ಹೊತ್ತವನು ಎಂದು ಮೂಲದ ಅರ್ಥ. ಗಸ್ತು ಪಾರಸಿ, ತಿರುಗಾಟ. ಪಂಚನಾಮೆಯಲ್ಲಿ ಪಂಚರು ಸಂಸ್ಕೃತದವರು, ನಾಮೆ ಪಾರಸಿಯದು, ಇಬ್ಬರೂ ಒಂದೇ ಶಬ್ದದಲ್ಲಿ ಸೇರಿ ಸಹಿ ಮಾಡಿದ್ದಾರೆ. ಫಿರ್ಯಾದಿ ಎಂಬುದು ನನಗೆ ಬಹಳ ಇಷ್ಟವಾದ ಮಾತು. ಪಾರಸಿಯಲ್ಲಿ ಫರಿಯಾದ್ ಎಂದರೆ ನೆರವಿಗಾಗಿ ಕೂಗುವುದು. ಬಹಮನಿ, ಆದಿಲ್‌ಶಾಹಿ ಕಾಲದ ಆಡಳಿತದಿಂದ ಮರಾಠರ ದಫ್ತರಗಳಿಗೆ, ಅಲ್ಲಿಂದ ಕನ್ನಡದ ಠಾಣೆಗಳಿಗೆ ಈ ಮಾತುಗಳು ಬಂದು ನೆಲೆಸಿವೆ. ಠಾಣೆ ಮಾತ್ರ ಸಂಸ್ಕೃತದ ಸ್ಥಾನದಿಂದ ಬಂದದ್ದು.

ಹೊಸ ಪೊಲೀಸು, ಹಳೆಯ ಪಾಟೀಲ

ಚೆನ್ನಮ್ಮ ತೀರಿಕೊಂಡ 1829ರಲ್ಲಿಯೇ ಲಂಡನ್ನಿನಲ್ಲಿ ರಾಬರ್ಟ್ ಪೀಲ್ ಹೊಸ ನಗರ ಪೊಲೀಸು ದಳವನ್ನು ಹುಟ್ಟುಹಾಕಿದ. ಜನರ ಒಪ್ಪಿಗೆಯಿಂದ, ಸಾಮಾನ್ಯವಾಗಿ ಬಂದೂಕವಿಲ್ಲದೆ ಕೆಲಸ ಮಾಡಬೇಕಾದ ಪೊಲೀಸು ಅದು. ನಮಗೆ ಬಂದದ್ದು ಆ ಮಾದರಿಯದಲ್ಲ. ಇಂಗ್ಲಿಷರು ಐರ್ಲೆಂಡನ್ನು ಅಂಕೆಯಲ್ಲಿಡಲು ಕಟ್ಟಿದ್ದ ಸಶಸ್ತ್ರ ದಳವನ್ನು ನೋಡಿ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಪ್ರಾಂತದಲ್ಲಿ ಪೊಲೀಸು ಕಟ್ಟಿದ. ಅದನ್ನು ನೋಡಿ ಮುಂಬಯಿ ಇಲಾಖೆ 1850ರ ದಶಕದಲ್ಲಿ ಜಿಲ್ಲೆಗೊಬ್ಬ ಸೂಪರಿಂಟೆಂಡೆಂಟ್‌ನನ್ನು ಇಟ್ಟು ತನ್ನ ಪೊಲೀಸನ್ನು ಸುಧಾರಿಸಿತು. 1836ರಲ್ಲಿ ಧಾರವಾಡದಿಂದ ಬೇರೆಯಾಗಿದ್ದ ಬೆಳಗಾವಿ ಜಿಲ್ಲೆಯೂ ಇದರೊಳಗೆ ಬಂತು. ಲಂಡನ್ನಿನ ಪೊಲೀಸು ತನ್ನ ಜನಕ್ಕೆ ಉತ್ತರ ಹೇಳಬೇಕಾಗಿತ್ತು. ಬೆಳಗಾವಿಯ ಪೊಲೀಸು ಉತ್ತರ ಹೇಳಬೇಕಾದದ್ದು ಸರಕಾರಕ್ಕೆ. ಠಾಣೆ ಎಂದರೆ ಅಂಜಿಕೆ ಎಂಬುದರ ಬೇರು ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಆದರೂ ಹಳ್ಳಿಯಲ್ಲಿ ಹಳೆಯದು ಪೂರಾ ಅಳಿಯಲಿಲ್ಲ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯದೆಯ ಪ್ರಕಾರ ಪ್ರತಿ ಊರಿಗೆ ಒಬ್ಬ ಪೊಲೀಸ್ ಪಾಟೀಲನಿದ್ದ. ಊರಿನಲ್ಲಿ ಅಪರಾಧ ನಡೆದರೆ ಮೇಲಿನವರಿಗೆ ವರದಿ ಕೊಡಬೇಕು, ಅಸಹಜ ಸಾವು ಸಂಭವಿಸಿದರೆ ಪಂಚರನ್ನು ಕೂಡಿಸಿ ವಿಚಾರಣೆ ಮಾಡಬೇಕು, ಹೊಸಬರು ಊರಿಗೆ ಬಂದರೆ ಕಣ್ಣಿಡಬೇಕು. ಸಣ್ಣ ಬಡಿದಾಟ, ಬೈಗುಳಗಳಿಗೆ ತಪ್ಪಿತಸ್ಥನನ್ನು ಒಂದು ದಿನದ ಮಟ್ಟಿಗೆ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವನ್ನೂ ಅವನಿಗೆ ಕೊಡಬಹುದಿತ್ತು. ನಮ್ಮ ಭಾಗದಲ್ಲಿ ‘ಮುಲ್ಕಿ ಪಾಟೀಲ’ ಕಂದಾಯ ನೋಡಿಕೊಂಡರೆ ‘ಪೊಲೀಸ್ ಪಾಟೀಲ’ ಶಾಂತಿ ಸುವ್ಯವಸ್ಥೆ ನೋಡಿಕೊಳ್ಳುತ್ತಿದ್ದ. ಇಂದಿಗೂ ಪೊಲೀಸ್ ಪಾಟೀಲ ಎಂದೇ ಅಡ್ಡಹೆಸರು ಬರೆಯಿಸುವ ಮನೆತನಗಳಿವೆ.

1902-03ರ ಪೊಲೀಸ್ ಆಯೋಗವು ದೇಶದ ಪೊಲೀಸು ಲಂಚಕೋರತನಕ್ಕೂ ದಬ್ಬಾಳಿಕೆಗೂ ಹೆಸರಾಗಿದೆಯೆಂದು ತಾನೇ ಒಪ್ಪಿಕೊಂಡಿತು. ಆಳುವವರ ಬಾಯಿಂದ ಬಂದ ಮಾತಾದ್ದರಿಂದ ಇದಕ್ಕೆ ತೂಕ ಹೆಚ್ಚು. ಅದಕ್ಕೂ ಮೊದಲು 1872ರ ಸಾಕ್ಷ್ಯ ಕಾಯದೆಯಲ್ಲಿಯೇ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದೆಂದು ಬರೆದಿದ್ದರು. ಆ ನಿಯಮ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದುಕೊಂಡಿದೆ.

ರಾಮದುರ್ಗದ ಕಥೆ ಬೇರೆ. ಅದು ಭಾವೆ ಮನೆತನದ ಸಂಸ್ಥಾನ, ಪೊಲೀಸರೂ ಸಂಸ್ಥಾನದವರೇ. ಕರಭಾರದ ವಿರುದ್ಧ ಅಲ್ಲಿಯ ಪ್ರಜಾಸಂಘ ಚಳವಳಿ ನಡೆಸುತ್ತಿತ್ತು. 1939ರ ಏಪ್ರಿಲ್‌ನಲ್ಲಿ ಅದರ ಮುಖಂಡರನ್ನು ಬಂಧಿಸಿದಾಗ ಸುತ್ತಲಿನ ಹಳ್ಳಿಗಳಿಂದ ಜನ ನುಗ್ಗಿ ಬಂದರು. ಆ ದಿನದ ಗಲಭೆಯಲ್ಲಿ ಸಂಸ್ಥಾನದ ಹಲವು ಪೊಲೀಸರು ಜನರ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಆಮೇಲೆ ದಮನ, ಮೊಕದ್ದಮೆ, ಶಿಕ್ಷೆ. ಗಾಂಧೀಜಿಯವರು ಈ ಹಿಂಸೆಯಿಂದ ನೊಂದು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ರಾಮದುರ್ಗ ದುರಂತ ಎಂದು ಕರೆಯುವ ಈ ಘಟನೆಯಲ್ಲಿ ನ್ಯಾಯ ಯಾರ ಕಡೆಗಿತ್ತೆಂದು ವಾದ ಮಾಡಬಹುದು. ಸತ್ತ ಸಿಪಾಯಿಗಳೂ ಕಡಿಮೆ ಪಗಾರದ ಬಡವರು, ಬಂದ ಜನರೂ ಬರಗಾಲ ಕಂಡ ರೈತರು, ನೇಕಾರರು. ಇಬ್ಬರ ನಡುವೆ ಮಾತಿನ ದಾರಿ ಇರಲಿಲ್ಲ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ಹತ್ತು ವರ್ಷಗಳಲ್ಲಿ ಊರಿನ ಪೊಲೀಸ್ ವ್ಯವಸ್ಥೆ ಪೂರ್ತಿ ಬದಲಾಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ ಹುದ್ದೆಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ಒಳ್ಳೆಯದೇ. ಬೇರೆ ಬೇರೆ ಪ್ರಾಂತಗಳ ಪೊಲೀಸ್ ಕಾಯದೆಗಳ ಬದಲಿಗೆ ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಕಾಯದೆ 1965ರ ಏಪ್ರಿಲ್ 2ರಿಂದ ಜಾರಿಗೆ ಬಂತು. ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನ ಆಚರಿಸುವುದು ಈ ಕಾರಣಕ್ಕೆ. ಚಾವಡಿಯಲ್ಲಿ ಕೂತಿದ್ದ ಪೊಲೀಸು ಈಗ ಹತ್ತು ಹದಿನೈದು ಮೈಲಿ ದೂರದ ಠಾಣೆಗೆ ಹೋದ. ಅವನ ಊರು ಬೇರೆ, ಒಮ್ಮೊಮ್ಮೆ ಮಾತಿನ ಧಾಟಿಯೂ ಬೇರೆ. ಮೂರು ವರ್ಷಕ್ಕೆ ಅವನ ವರ್ಗಾವಣೆ. ಊರಿನವರಿಗೆ ಅವನ ಕೆಲಸ ಕಾಣದಾಯಿತು. ಕಂಡಾಗ ಲಾಠಿಯೊಂದೇ ಕಂಡಿತು.

ಖಾಲಿಯಾದ ಜಾಗ ತುಂಬಲು 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯದೆ ಮಾಡಿದರು. ಊರಿನ ಸ್ವಯಂಸೇವಕರ ದಳ, ಅದಕ್ಕೊಬ್ಬ ದಳಪತಿ, ಗಸ್ತಿನ ತರಬೇತಿ. ಯೋಚನೆ ಚೆನ್ನಾಗಿತ್ತು. ಆದರೆ ದಳಪತಿಗೆ ಹೊಲವೂ ಇರಲಿಲ್ಲ, ಪಗಾರವೂ ಇರಲಿಲ್ಲ. ಶೇತಸನದಿಯ ಕೆಲಸವನ್ನು ಸನದಿಲ್ಲದೆ ಮಾಡಿಸಲು ಹೊರಟ ಹಾಗಾಯಿತು.

ಜನರಿಗೆ ಕಲಿಸುವ ಪೊಲೀಸು

ಪೊಲೀಸು ತನ್ನ ಕೆಲಸವನ್ನು ಜನರಿಗೆ ಪಾಠದಂತೆ ಹೇಳಿಕೊಡಬೇಕೆಂಬ ವಿಚಾರ ಬಹಳ ಹಳೆಯದಲ್ಲ. 1977ರಲ್ಲಿ ಇಂಗ್ಲೆಂಡಿನ ಡೆವನ್ ಮತ್ತು ಕಾರ್ನ್‌ವಾಲ್ ಪೊಲೀಸರು ಊರಿನ ಜನರಿಗಾಗಿ ‘ಪೊಲೀಸ್ ರಾತ್ರಿ ಶಾಲೆ’ ತೆರೆದರು. ಅದನ್ನು ಕೇಳಿ 1985ರಲ್ಲಿ ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲಾಂಡೊ ನಗರದಲ್ಲಿ ನಾಗರಿಕ ಪೊಲೀಸ್ ಅಕಾಡೆಮಿ ಶುರುವಾಯಿತು. ವಾರಕ್ಕೊಂದು ಸಂಜೆ ಅಂಗಡಿಕಾರ, ಶಿಕ್ಷಕಿ, ನಿವೃತ್ತರು ಬಂದು ಕೂತು ತನಿಖೆ, ಗಸ್ತು, ಕಾನೂನು ಕಲಿಯುವ ಪದ್ಧತಿ. ಅಲ್ಲಿಂದ ಅದು ನೂರಾರು ಊರುಗಳಿಗೆ ಹಬ್ಬಿತು.

ನಮ್ಮ ಓದುಗರಿಗೆ ಅದಕ್ಕಿಂತ ಹತ್ತಿರದ್ದು ಭಿವಂಡಿ. ಮುಂಬಯಿ ಹತ್ತಿರದ ಈ ಮಗ್ಗದ ಊರಿನಲ್ಲಿ 1984ರಲ್ಲಿ ಭೀಕರ ಕೋಮುಗಲಭೆಯಾಗಿ ಬಹಳ ಜೀವಹಾನಿಯಾಯಿತು. ಕೆಲವು ವರ್ಷಗಳ ನಂತರ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ ಖೋಪಡೆ ಓಣಿಗೊಂದರಂತೆ ಮೊಹಲ್ಲಾ ಸಮಿತಿಗಳನ್ನು ರಚಿಸಿದರು. ಹಿಂದೂ ಮುಸಲ್ಮಾನರು ಇಬ್ಬರೂ ಪ್ರತಿ ಸಮಿತಿಯಲ್ಲಿ, ಜೊತೆಗೆ ಆ ಓಣಿಯ ಪೊಲೀಸು. ದೊಡ್ಡ ಮುಖಂಡರನ್ನು ಬಿಟ್ಟು ಸಾಮಾನ್ಯರನ್ನೇ ಸೇರಿಸಿಕೊಂಡದ್ದು ಅವರ ಜಾಣತನ. ನಳದ ಜಗಳ, ಬಾಡಿಗೆಯ ತಂಟೆ, ವದಂತಿ ಎಲ್ಲವೂ ಆ ಸಮಿತಿಯ ಮುಂದೆ ಬಂದವು. ಪೊಲೀಸನ ಕಷ್ಟ ಜನರಿಗೆ ತಿಳಿಯಿತು, ಜನರ ಕಷ್ಟ ಪೊಲೀಸನಿಗೆ ತಿಳಿಯಿತು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬಯಿ ಹೊತ್ತಿ ಉರಿದಾಗ, ಎಲ್ಲರೂ ಮೊದಲು ಹೊತ್ತಿಕೊಳ್ಳುತ್ತದೆಂದು ಅಂಜಿದ್ದ ಭಿವಂಡಿ ಶಾಂತವಾಗಿ ಉಳಿಯಿತು. ಸಮಿತಿಯೊಂದರಿಂದಲೇ ಇದಾಯಿತೆಂದು ಹೇಳಲಾಗದು. ಅದಿಲ್ಲದಿದ್ದರೆ ಆಗುತ್ತಿತ್ತೆಂದು ನಾನಂತೂ ನಂಬುವುದಿಲ್ಲ.

ನಮ್ಮ ಠಾಣೆಗಳಲ್ಲಿಯೂ ಹಬ್ಬಕ್ಕೆ ಮೊದಲು ಶಾಂತಿ ಸಭೆ ನಡೆಯುತ್ತದೆ. 2023ರ ಸೆಪ್ಟೆಂಬರ್ 28ರಂದು ಗಣೇಶ ವಿಸರ್ಜನೆ ಮತ್ತು ಈದ್ ಮಿಲಾದ್ ಒಂದೇ ದಿನ ಬಂದಾಗ ಬೆಳಗಾವಿಯಲ್ಲಿ ಮುಸ್ಲಿಂ ಹಿರಿಯರು ಮೆರವಣಿಗೆಯನ್ನು ಮುಂದಕ್ಕೆ ಹಾಕಿಕೊಂಡದ್ದು ಇಂಥ ಮಾತುಕತೆಗಳ ಫಲ. ಆದರೆ ಭಿವಂಡಿಯ ಸಮಿತಿಗೂ ನಮ್ಮ ಸಭೆಗೂ ಒಂದು ಅಂತರವಿದೆ. ಅದು ವರ್ಷವಿಡೀ ನಡೆಯುವಂಥದು, ಇದು ಹಬ್ಬದ ವಾರದ್ದು. ಸಾಮಾನ್ಯವಾಗಿ ಇದರಲ್ಲಿ ಕೂಡುವವರು ಅವೇ ಹತ್ತಿಪ್ಪತ್ತು ಹಿರಿಯರು. ಹೆಣ್ಣುಮಕ್ಕಳು ಕಾಣುವುದು ಅಪರೂಪ, ಕಾಲೇಜಿನ ಹುಡುಗರು ಕಾಣುವುದು ಇನ್ನೂ ಅಪರೂಪ. ಮೆರವಣಿಗೆಯ ಮುಂದೆ ಕುಣಿಯುವವರು ಮಾತ್ರ ಆ ಹುಡುಗರೇ.

ಇತ್ತೀಚಿನ ವರ್ಷಗಳ ಕಾರ್ಯಕ್ರಮಗಳನ್ನು ನೀವು ನೋಡಿರುತ್ತೀರಿ. ಡಿಸೆಂಬರ್ ಬಂದರೆ ಅಪರಾಧ ತಡೆ ಮಾಸಾಚರಣೆ. ಜಾಥಾ, ಕರಪತ್ರ, ಶಾಲೆಗಳಲ್ಲಿ ಭಾಷಣ. ಜನವರಿಯಲ್ಲಿ ರಸ್ತೆ ಸುರಕ್ಷತೆ. 2017ರಲ್ಲಿ ರಾಜ್ಯದ ಪೊಲೀಸರು ಗಸ್ತು ಪದ್ಧತಿಯನ್ನು ಸುಧಾರಿಸಿ, ಪ್ರತಿ ಬೀಟಿನ ಹೊಣೆಯನ್ನು ಒಬ್ಬ ಸಿಬ್ಬಂದಿಗೆ ಕೊಟ್ಟು, ಆ ಬೀಟಿನ ನಾಗರಿಕರನ್ನು ಸದಸ್ಯರನ್ನಾಗಿ ಸೇರಿಸಿಕೊಂಡರು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಹೆಸರಿನಲ್ಲಿ ಬೀಟ್ ಸಿಬ್ಬಂದಿಯೇ ಮನೆಗಳಿಗೆ ಹೋಗಿ ಮಾತನಾಡಿಸುವ ಯೋಜನೆ ಶುರುವಾಯಿತು. ಇದನ್ನೆಲ್ಲ ಓದುವಾಗ ನನಗೆ ಹಳೆಯ ತಳವಾರ ನೆನಪಾಗುತ್ತಾನೆ. ಊರಿನ ಪ್ರತಿ ಮನೆ ಗೊತ್ತಿದ್ದವನು ಅವನು. ಎರಡು ನೂರು ವರ್ಷಗಳಲ್ಲಿ ಕಳೆದುಕೊಂಡದ್ದನ್ನು ಇಲಾಖೆ ಬೀಟಿನ ಹೆಸರಲ್ಲಿ ಹುಡುಕುತ್ತಿದೆ.

ವಿದ್ಯಾರ್ಥಿಗಳಿಗೆ ಸೇರಿದ ಕಾರ್ಯಕ್ರಮ ‘ತೆರೆದ ಮನೆ’. ಶಾಲೆಯ ಮಕ್ಕಳನ್ನು ಠಾಣೆಗೆ ಕರೆದು ತೋರಿಸುವುದು. ವೈರ್‌ಲೆಸ್ ಹೇಗೆ ಮಾತನಾಡುತ್ತದೆ, ಬಂದೂಕಗಳನ್ನು ಎಲ್ಲಿಡುತ್ತಾರೆ, ಬಂದೀಖಾನೆ ಹೇಗಿರುತ್ತದೆ, ದೂರನ್ನು ಯಾರು ಬರೆದುಕೊಳ್ಳುತ್ತಾರೆ ಎಂದು ಹೇಳುತ್ತಾರೆ. ಬಾಲ್ಯವಿವಾಹ, ಪೋಕ್ಸೊ ಕಾಯದೆ, 112, ಮಕ್ಕಳ ಸಹಾಯವಾಣಿ 1098 ಇವುಗಳ ಪರಿಚಯ ಮಾಡಿಕೊಡುತ್ತಾರೆ. ಪೊಲೀಸನನ್ನು ತೋರಿಸಿ ಮಗುವಿಗೆ ಉಣ್ಣಿಸುವ ನಮ್ಮ ಮನೆಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಇಂಥ ಅವಕಾಶ ಬಂದಾಗ ಉರ್ದು ಶಾಲೆಗಳೂ ಹಿಂದೆ ಬೀಳಬಾರದು.

ಕೊರತೆಯನ್ನೂ ಹೇಳಬೇಕಲ್ಲ. ಈ ಕಾರ್ಯಕ್ರಮಗಳಲ್ಲಿ ಜನರು ಏನು ಮಾಡಬೇಕೆಂದು ಬಹಳ ಹೇಳುತ್ತಾರೆ: ಬೀಗ ಹಾಕಿ, ಹೆಲ್ಮೆಟ್ ಧರಿಸಿ, ಅಪರಿಚಿತರ ಮಾಹಿತಿ ಕೊಡಿ, ಓಟಿಪಿ ಹೇಳಬೇಡಿ. ಪೊಲೀಸರು ಏನು ಮಾಡಲೇಬೇಕೆಂಬ ಪಾಠ ಕಡಿಮೆ. ಅದರ ಅರ್ಧ ನಮ್ಮಲ್ಲಿಯೇ ತಯಾರಿದ್ದರೆ ಠಾಣೆಯವರೂ ಸಂತೋಷದಿಂದ ಹೇಳುತ್ತಾರೆ.

ಕಾನೂನು ಮಾಡಿ ತಿಳಿವಳಿಕೆ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡವೇ ಸಾಕ್ಷಿ. ಮುಂಬಯಿ ಸರಕಾರ 1934ರಲ್ಲಿಯೇ ದೇವದಾಸಿ ಪದ್ಧತಿಯ ವಿರುದ್ಧ ಕಾಯದೆ ಮಾಡಿತ್ತು. ಕರ್ನಾಟಕ 1982ರಲ್ಲಿ ಇನ್ನೂ ಬಿಗಿಯಾದ ಕಾಯದೆ ಮಾಡಿತು. ಬಾನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಲಕ್ಷಗಟ್ಟಲೆ ಜನರ ನಡುವೆ ಪೊಲೀಸರು ಕಾವಲು ನಿಂತರು. ಮುತ್ತು ಕಟ್ಟುವುದು ಗುಡ್ಡದಿಂದ ಸರಿದು ಮನೆಗಳ ಒಳಗೆ, ಗುಟ್ಟಾಗಿ ನಡೆಯತೊಡಗಿತು. ಹೆತ್ತವರೇ ಆರೋಪಿಗಳಾಗುವ ಅಪರಾಧಕ್ಕೆ ಫಿರ್ಯಾದಿ ಯಾರು ಕೊಡಬೇಕು? ಇದಕ್ಕೆ ಉತ್ತರ ಹುಡುಕಿದವರು ಆ ಬಾಳನ್ನು ಬಾಳಿದ ಹೆಣ್ಣುಮಕ್ಕಳೇ. 1997ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರದ್ದೇ ಆದ ‘ಮಾಸ್’ ಎಂಬ ಸಂಸ್ಥೆ ಹುಟ್ಟಿತು. ಅದರ ಸದಸ್ಯೆಯರು ಹಳ್ಳಿಹಳ್ಳಿಗೆ ಹೋಗಿ ಕಾಯದೆಯನ್ನು ತಮ್ಮ ಮಾತಿನಲ್ಲಿ ಹೇಳಿದರು, ಎಲ್ಲಿ ಮುತ್ತು ಕಟ್ಟುವ ಸಿದ್ಧತೆ ನಡೆದಿದೆಯೆಂದು ತಿಳಿದಾಗ ತಡೆದರು, ಬೇಕಾದಾಗ ಪೊಲೀಸರನ್ನು ಕರೆದರು. ಜಾತ್ರೆಯ ಬಂದೋಬಸ್ತಿಗೆ ಎಷ್ಟು ಜನ ಪೊಲೀಸರು ಬಂದರೂ ಆಗದ ಕೆಲಸ ಅದು.

ಈಗ ಕೆಲವು ಕಾನೂನಿನ ಮಾತು. 2024ರ ಜುಲೈ 1ರಿಂದ ದೇಶದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 173ನೇ ಕಲಮು ಫಿರ್ಯಾದಿಗೆ ಸಂಬಂಧಿಸಿದ್ದು. ಅಪರಾಧ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಮುನವಳ್ಳಿಯ ಬಸ್ಸಿನಲ್ಲಿ ಕಳೆದುಕೊಂಡ ಚೀಲದ ಫಿರ್ಯಾದನ್ನು ರಾಮದುರ್ಗದಲ್ಲಿ ಇಳಿದ ಮೇಲೂ ಕೊಡಲು ಬರುತ್ತದೆ. ದಾಖಲಾದ ಎಫ್‌ಐಆರ್‌ನ ಪ್ರತಿಯನ್ನು ಫಿರ್ಯಾದಿಗೆ ಬಿಟ್ಟಿಯಾಗಿ ಕೊಡಬೇಕು. ಗಂಭೀರ ಅಪರಾಧದ ಮಾಹಿತಿ ಬಂದರೆ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾಕುಮಾರಿ ಮೊಕದ್ದಮೆಯಲ್ಲಿ ಹೇಳಿದೆ. ಕೆಲವು ಬಗೆಯ ಪ್ರಕರಣಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಸಂಹಿತೆ 14 ದಿನಗಳ ಅವಕಾಶ ಕೊಟ್ಟಿದೆ, ಅದೂ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿಯಿಂದ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಯವರಿಗೆ ಅಂಚೆಯ ಮೂಲಕ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಬಂಧಿಸಿದವರನ್ನು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ, ಪ್ರಯಾಣದ ಸಮಯವನ್ನು ಬಿಟ್ಟು. ಸಾಕ್ಷಿ ಹೇಳಲು ಹೆಂಗಸರನ್ನು, 15 ವರ್ಷದೊಳಗಿನವರನ್ನು, 60 ದಾಟಿದವರನ್ನು ಠಾಣೆಗೆ ಬರಬೇಕೆಂದು ಒತ್ತಾಯಿಸುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ಆನ್‌ಲೈನಿನಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ತಾಸು ಕಳೆದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಬೈಲಹೊಂಗಲ, ಕಿತ್ತೂರು, ದೊಡವಾಡ, ನೇಸರಗಿ, ಮುರಗೋಡ, ಸವದತ್ತಿ, ಕಟಕೋಳ, ರಾಮದುರ್ಗ, ಇವುಗಳಲ್ಲಿ ನಿಮ್ಮ ಊರು ಯಾವ ಠಾಣೆಗೆ ಸೇರುತ್ತದೆ, ನಿಮ್ಮ ಬೀಟಿನ ಸಿಬ್ಬಂದಿ ಯಾರು ಎಂಬುದನ್ನು ಈ ವಾರ ಕೇಳಿ ತಿಳಿದುಕೊಳ್ಳಿ. ಮುಖ್ಯಾಧ್ಯಾಪಕರ ಒಂದು ಪತ್ರ ತೆಗೆದುಕೊಂಡು ಹೋದರೆ ತೆರೆದ ಮನೆಯ ಭೇಟಿಗೆ ದಿನ ಗೊತ್ತುಮಾಡಿಕೊಳ್ಳಬಹುದು. ಹೋದಾಗ ಬಂದೂಕ ನೋಡಿ ಬರುವುದಷ್ಟೇ ಆಗದಿರಲಿ. ಬಾಯಿಮಾತಿನಲ್ಲಿ ಹೇಳಿದ ಫಿರ್ಯಾದನ್ನು ಯಾರು ಬರೆದುಕೊಳ್ಳುತ್ತಾರೆ, ನನ್ನ ತಾಯಿಗೆ ಉರ್ದು ಬಿಟ್ಟರೆ ಬೇರೆ ಬಾರದಿದ್ದರೆ ಏನು ಮಾಡುತ್ತಾರೆ ಎಂದು ಕೇಳಿ. ಬರೆದುಕೊಂಡದ್ದನ್ನು ಫಿರ್ಯಾದಿಗೆ ಓದಿ ಹೇಳಬೇಕೆಂದು ಕಾಯದೆಯಲ್ಲಿಯೇ ಇದೆ. ಸಹಿಯಾಗಲಿ, ಹೆಬ್ಬೆಟ್ಟಾಗಲಿ, ಅದನ್ನು ಕೇಳಿ ತಿಳಿದುಕೊಂಡ ಮೇಲೆ.